ಮೈಕ್ರೋ ಆರ್‌ಎನ್‌ಎ ಹುಟ್ಟುವುದು ಹೇಗೆ, ಅದರ ಗುರಿ ಹುಡುಕುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮೈಕ್ರೋ ಆರ್‌ಎನ್‌ಎ ಪಾಠ ಸಾಮಾನ್ಯವಾಗಿ ಎರಡು ತುಂಡಾಗಿ ಬರುತ್ತದೆ. ಅದು ಹುಟ್ಟುವ ಬಗೆ ಮಾಲಿಕ್ಯುಲರ್ ಬಯಾಲಜಿಯಲ್ಲಿ. ಅದರ ಗುರಿ ಹುಡುಕುವ ಸಾಫ್ಟ್‌ವೇರ್ ಬಯೋಇನ್ಫರ್ಮ್ಯಾಟಿಕ್ಸ್‌ನಲ್ಲಿ. ಓದುವವರು ಎರಡನ್ನೂ ಬೇರೆ ಬೇರೆ ಬಾಯಿಪಾಠ ಮಾಡುತ್ತಾರೆ. ನನ್ನ ಪ್ರಕಾರ ಇದು ಒಂದೇ ವಿಷಯ. ಆರ್‌ಎನ್‌ಎಯನ್ನು ಜೀವಕೋಶ ಎಲ್ಲಿ ಕತ್ತರಿಸುತ್ತದೆ ಎಂಬುದರ ಮೇಲೇ ಅದು ಯಾವ ಜೀನ್‌ಗೆ ಅಂಟುತ್ತದೆ ಎಂಬುದು ನಿಂತಿದೆ. ಹಾಗಾಗಿ ಎರಡನ್ನೂ ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ. ಉದಾಹರಣೆಗೆ ಜಾಸ್ತಿ ಲೆಟ್-7 ಎಂಬ ಒಂದನ್ನೇ ಹಿಡಿದುಕೊಂಡಿದ್ದೇನೆ.

ಮೈಕ್ರೋ ಆರ್‌ಎನ್‌ಎ ಅಂದರೆ ಏನು?

ಸುಮಾರು 22 ಅಕ್ಷರ ಉದ್ದದ ಪುಟ್ಟ ಆರ್‌ಎನ್‌ಎ. ಅಕ್ಷರ ಅಂದರೆ ಎ, ಯು, ಜಿ, ಸಿ ಎಂಬ ನಾಲ್ಕು ಬೇಸ್‌ಗಳು. ಇದರಿಂದ ಪ್ರೋಟೀನ್ ತಯಾರಾಗುವುದಿಲ್ಲ. ಬೇರೆ ಜೀನ್‌ಗಳ ಎಂಆರ್‌ಎನ್‌ಎಗೆ, ಅಂದರೆ ಪ್ರೋಟೀನ್ ತಯಾರಿಸಲು ಜೀನ್‌ನಿಂದ ತೆಗೆದ ಆರ್‌ಎನ್‌ಎ ಪ್ರತಿಗೆ, ಹೋಗಿ ಅಂಟಿಕೊಂಡು, ಅವುಗಳಿಂದ ಆಗುವ ಪ್ರೋಟೀನನ್ನು ಕಡಿಮೆ ಮಾಡುವುದೇ ಇದರ ಕೆಲಸ.

ಇದು ಮೊದಲು ಸಿಕ್ಕಿದ್ದು ಎಲ್ಲಿ?

ಮಣ್ಣಿನಲ್ಲಿರುವ, ಒಂದು ಮಿಲಿಮೀಟರ್ ಉದ್ದದ ಒಂದು ದುಂಡು ಹುಳುವಿನಲ್ಲಿ. ಅದರ ಹೆಸರು ಸೀನೊರಾಬ್ಡೈಟಿಸ್ ಎಲಿಗನ್ಸ್. ಈ ಹುಳುವಿನಲ್ಲಿ ಲಿನ್-4 ಎಂಬ ಜೀನ್ ಕೆಟ್ಟರೆ ಬೆಳವಣಿಗೆಯ ಹಂತಗಳು ಅಸ್ತವ್ಯಸ್ತವಾಗುತ್ತವೆ. ಲಿನ್-14 ಎಂಬ ಇನ್ನೊಂದು ಜೀನನ್ನು ಲಿನ್-4 ತಡೆಯುತ್ತದೆ ಎಂದು ಗೊತ್ತಿತ್ತು. ಹೇಗೆ ತಡೆಯುತ್ತದೆ ಎಂದು ಗೊತ್ತಿರಲಿಲ್ಲ.

ವಿಕ್ಟರ್ ಆಂಬ್ರೋಸ್ ಅವರ ಲ್ಯಾಬ್‌ನಲ್ಲಿ ರೊಸಲಿಂಡ್ ಲೀ ಮತ್ತು ರೋಂಡಾ ಫೈನ್‌ಬಾಮ್ ಲಿನ್-4ರ ಬೆನ್ನು ಹತ್ತಿದರು. ಅದರಲ್ಲಿ ಪ್ರೋಟೀನ್ ಕೋಡ್ ಸಿಗಲೇ ಇಲ್ಲ. ಸಿಕ್ಕಿದ್ದು ಎರಡು ಆರ್‌ಎನ್‌ಎ ತುಂಡುಗಳು: ಒಂದು ಸುಮಾರು 61 ಅಕ್ಷರದ್ದು, ಇನ್ನೊಂದು ಸುಮಾರು 22 ಅಕ್ಷರದ್ದು. ಅದೇ ಸಮಯಕ್ಕೆ ಗ್ಯಾರಿ ರಫ್ಕನ್ ಅವರ ಲ್ಯಾಬ್ ಲಿನ್-14ರ ಎಂಆರ್‌ಎನ್‌ಎಯ ಬಾಲದಲ್ಲಿ, ಅಂದರೆ ಪ್ರೋಟೀನ್ ಕೋಡ್ ಮುಗಿದ ಮೇಲೆ ಬರುವ ಭಾಗದಲ್ಲಿ, ಏನೋ ವಿಶೇಷ ಇದೆ ಎಂದು ಕಂಡುಕೊಂಡಿತ್ತು. 1992ರಲ್ಲಿ ಇಬ್ಬರೂ ತಮ್ಮ ತಮ್ಮ ಸೀಕ್ವೆನ್ಸ್, ಅಂದರೆ ಅಕ್ಷರಗಳ ಸಾಲು, ಹಂಚಿಕೊಂಡು ಪಕ್ಕಪಕ್ಕ ಇಟ್ಟು ನೋಡಿದರು. ಲಿನ್-4ರ ತುಂಡುಗಳು ಲಿನ್-14ರ ಬಾಲದಲ್ಲಿ ಏಳು ಕಡೆ ಜೋಡಿಯಾಗುತ್ತಿದ್ದವು. 1993ರಲ್ಲಿ ಎರಡೂ ಲೇಖನಗಳು ಒಟ್ಟಿಗೆ ಬಂದವು. 2024ರ ವೈದ್ಯಕೀಯ ನೊಬೆಲ್ ಆಂಬ್ರೋಸ್ ಮತ್ತು ರಫ್ಕನ್ ಇಬ್ಬರಿಗೆ ಬಂತು. ಲೀ ಮತ್ತು ಫೈನ್‌ಬಾಮ್ ಅವರ ಹೆಸರನ್ನೂ ನಾವು ಮರೆಯಬಾರದು. ಲಿನ್-4 ಲೇಖನದ ಮೊದಲ ಎರಡು ಹೆಸರು ಅವರದೇ.

ಒಂದು ಮಾತು ಗಮನಿಸಿ. ಜಗತ್ತಿನ ಮೊದಲ ಮೈಕ್ರೋ ಆರ್‌ಎನ್‌ಎ ಸಿಕ್ಕಿದಾಗಲೇ ಅದರ ಗುರಿಯನ್ನೂ ಕಣ್ಣಿನಿಂದ ಅಕ್ಷರ ಹೊಂದಿಸಿಯೇ ಹಿಡಿದರು. ಇವತ್ತಿನ ಸಾಫ್ಟ್‌ವೇರ್ ಮಾಡುವ ಕೆಲಸವೂ ಅದೇ.

ಹುಳುವಿನ ವಿಷಯ ಮನುಷ್ಯರಿಗೆ ಯಾಕೆ ಬೇಕು?

ಸುಮಾರು ಏಳು ವರ್ಷ ಎಲ್ಲರೂ ಹೀಗೇ ಕೇಳಿದರು. 2000ದಲ್ಲಿ ರಫ್ಕನ್ ಲ್ಯಾಬ್‌ಗೆ ಲೆಟ್-7 ಸಿಕ್ಕಿತು. ಅದು ಹುಳುವಿನಲ್ಲಿ ಮಾತ್ರ ಅಲ್ಲ, ನೊಣದಲ್ಲಿ, ಮೀನಿನಲ್ಲಿ, ಮನುಷ್ಯರಲ್ಲಿ ಕೂಡ ಹೆಚ್ಚೂಕಡಿಮೆ ಅಕ್ಷರಕ್ಕೆ ಅಕ್ಷರ ಹಾಗೇ ಇತ್ತು. 2001ರಲ್ಲಿ ಮೂರು ಲ್ಯಾಬ್‌ಗಳು ಒಟ್ಟಿಗೆ ಇಂಥ ಹತ್ತಾರು ಆರ್‌ಎನ್‌ಎಗಳನ್ನು ಪ್ರಕಟಿಸಿದವು. ಮೈಕ್ರೋ ಆರ್‌ಎನ್‌ಎ ಎಂಬ ಹೆಸರು ಆಗಲೇ ಬಂತು.

ಜೀವಕೋಶದಲ್ಲಿ ಇದು ಹೇಗೆ ತಯಾರಾಗುತ್ತದೆ?

ಒಂದು ಉದ್ದನೆ ಆರ್‌ಎನ್‌ಎಯನ್ನು ಎರಡು ಸಲ ಕತ್ತರಿಸಿದರೆ ಮೈಕ್ರೋ ಆರ್‌ಎನ್‌ಎ ಸಿಗುತ್ತದೆ. ಒಂದು ಕತ್ತರಿ ನ್ಯೂಕ್ಲಿಯಸ್ ಒಳಗೆ, ಇನ್ನೊಂದು ಹೊರಗೆ.

ಮೊದಲು ಡಿಎನ್‌ಎಯಿಂದ ಆರ್‌ಎನ್‌ಎ ಪಾಲಿಮರೇಸ್ 2 ಎಂಬ ಕಿಣ್ವ ಉದ್ದನೆ ಪ್ರತಿ ತೆಗೆಯುತ್ತದೆ. ಪ್ರೋಟೀನ್ ಜೀನ್‌ಗಳಿಗೆ ಪ್ರತಿ ತೆಗೆಯುವುದೂ ಇದೇ ಕಿಣ್ವ. ಈ ಉದ್ದನೆ ಪ್ರತಿಗೆ ಪ್ರೈ-ಮೈಕ್ರೋ ಆರ್‌ಎನ್‌ಎ ಎಂದು ಹೆಸರು. ಸಾವಿರಾರು ಅಕ್ಷರ ಇರಬಹುದು. ಅದರ ಒಂದು ಜಾಗದಲ್ಲಿ ಆರ್‌ಎನ್‌ಎ ತನ್ನ ಮೇಲೆ ತಾನೇ ಮಡಚಿಕೊಂಡು, ಜಡೆಗೆ ಸಿಕ್ಕಿಸುವ ಹೇರ್‌ಪಿನ್ ಆಕಾರ ತಾಳುತ್ತದೆ. ಎರಡು ಕಾಲು, ತುದಿಯಲ್ಲಿ ಒಂದು ಕುಣಿಕೆ. ಜೋಡಿಯಾದ ಕಾಲಿನ ಉದ್ದ ಸುಮಾರು 35 ಜೋಡಿ ಅಕ್ಷರ. ನಮಗೆ ಬೇಕಾದ 22 ಅಕ್ಷರ ಇರುವುದು ಆ ಎರಡು ಕಾಲುಗಳಲ್ಲಿ ಒಂದರಲ್ಲಿ.

ಮೊದಲ ಕತ್ತರಿ ಡ್ರೋಶಾ. ದಕ್ಷಿಣ ಕೊರಿಯಾದ ನ್ಯಾರಿ ಕಿಮ್ ಅವರ ಲ್ಯಾಬ್ ಇದರ ಕೆಲಸವನ್ನು 2003ರಲ್ಲಿ ತೋರಿಸಿತು. ಡ್ರೋಶಾ ಒಂಟಿಯಾಗಿ ಕೆಲಸ ಮಾಡುವುದಿಲ್ಲ. ಡಿಜಿಸಿಆರ್8 ಎಂಬ ಪ್ರೋಟೀನ್ ಜೊತೆಗಿರಬೇಕು. ಇವೆರಡೂ ಸೇರಿ ಹೇರ್‌ಪಿನ್‌ನ ಬುಡ ಎಲ್ಲಿದೆ ಎಂದು ಹಿಡಿಯುತ್ತವೆ. ಬುಡ ಅಂದರೆ ಬಿಡಿ ಆರ್‌ಎನ್‌ಎ ಮುಗಿದು ಜೋಡಿ ಶುರುವಾಗುವ ಜಾಗ. ಅಲ್ಲಿಂದ ಸುಮಾರು 11 ಜೋಡಿ ಅಕ್ಷರ ಅಳೆದು ಡ್ರೋಶಾ ಕತ್ತರಿಸುತ್ತದೆ. ಕತ್ತರಿಸಿದ ಅಂಚು ಸಮ ಇರುವುದಿಲ್ಲ. ಆರ್‌ಎನ್‌ಎ ಓದು ಶುರುವಾಗುವ ತುದಿಗೆ 5′, ಮುಗಿಯುವ ತುದಿಗೆ 3′ ಎನ್ನುತ್ತಾರೆ. 3′ ತುದಿಯಲ್ಲಿ ಎರಡು ಅಕ್ಷರ ಹೊರಗೆ ಚಾಚಿರುತ್ತದೆ. ಈಗ ಉಳಿದ 60ರಿಂದ 70 ಅಕ್ಷರದ ಹೇರ್‌ಪಿನ್‌ಗೆ ಪ್ರೀ-ಮೈಕ್ರೋ ಆರ್‌ಎನ್‌ಎ ಎನ್ನುತ್ತಾರೆ.

ಇದನ್ನು ಎಕ್ಸ್‌ಪೋರ್ಟಿನ್-5 ಎಂಬ ಪ್ರೋಟೀನ್ ನ್ಯೂಕ್ಲಿಯಸ್‌ನಿಂದ ಹೊರಗೆ ಒಯ್ಯುತ್ತದೆ. ಹೊರಗೆ ಎರಡನೇ ಕತ್ತರಿ ಡೈಸರ್ ಕಾದಿರುತ್ತದೆ. ಡ್ರೋಶಾ ಬಿಟ್ಟ ಆ ಚಾಚಿದ ತುದಿಯನ್ನು ಡೈಸರ್ ಹಿಡಿದುಕೊಂಡು, ಅಲ್ಲಿಂದ ಸುಮಾರು 22 ಅಕ್ಷರ ಅಳೆದು ಕುಣಿಕೆಯನ್ನು ಕತ್ತರಿಸಿ ಹಾಕುತ್ತದೆ. ಬಟ್ಟೆ ಅಂಗಡಿಯಲ್ಲಿ ಮೀಟರ್ ಕೋಲಿನ ಒಂದು ತುದಿಗೆ ಬಟ್ಟೆ ಒತ್ತಿ ಹಿಡಿದು ಇನ್ನೊಂದು ತುದಿಗೆ ಕತ್ತರಿ ಹಾಕುತ್ತಾರಲ್ಲ, ಹಾಗೆ. ಡೈಸರ್‌ನ ಆಕಾರವೇ ಇಲ್ಲಿ ಅಳತೆ ಕೋಲು. 22 ಎಂಬ ಸಂಖ್ಯೆ ಬಂದದ್ದು ಹೀಗೆ.

ಕತ್ತರಿಸಿದ ಮೇಲೆ ಎರಡು ಎಳೆ ಉಳಿಯುತ್ತವೆ ಅಲ್ವಾ? ಯಾವುದು ಮೈಕ್ರೋ ಆರ್‌ಎನ್‌ಎ?

ಆರ್ಗೊನಾಟ್ ಎಂಬ ಪ್ರೋಟೀನ್ ಯಾವುದನ್ನು ಇಟ್ಟುಕೊಳ್ಳುತ್ತದೋ ಅದು. ಮನುಷ್ಯರಲ್ಲಿ ಇದರ ನಾಲ್ಕು ಬಗೆಗಳಿವೆ. ಜೋಡಿ ಎಳೆ ಇದರೊಳಗೆ ಹೋಗುತ್ತದೆ, ಒಂದು ಎಳೆ ಉಳಿಯುತ್ತದೆ, ಇನ್ನೊಂದು ಹೊರಬಿದ್ದು ಹಾಳಾಗುತ್ತದೆ. ಆಯ್ಕೆ ಸುಮ್ನೆ ಆಗುವುದಿಲ್ಲ. ಯಾವ ಎಳೆಯ 5′ ತುದಿ ಸಡಿಲವಾಗಿ ಜೋಡಿಯಾಗಿದೆಯೋ ಆ ಎಳೆಗೆ ಅವಕಾಶ ಜಾಸ್ತಿ. ಮೊದಲ ಅಕ್ಷರ ಯು ಆಗಿದ್ದರೆ ಇನ್ನೂ ಅನುಕೂಲ.

ಆದರೆ ಇದು ಯಾವಾಗಲೂ ಒಂದೇ ಕಡೆಗೆ ಆಗಬೇಕೆಂದಿಲ್ಲ. ಕೆಲವು ಹೇರ್‌ಪಿನ್‌ಗಳಲ್ಲಿ ಎರಡೂ ಎಳೆ ಕೆಲಸಕ್ಕೆ ಬರುತ್ತವೆ. ಅದಕ್ಕೇ ಹೆಸರಿನ ಕೊನೆಯಲ್ಲಿ 5ಪಿ, 3ಪಿ ಎಂದು ಬರೆಯುತ್ತಾರೆ. 5ಪಿ ಅಂದರೆ ಹೇರ್‌ಪಿನ್‌ನ ಮೊದಲ ಕಾಲಿನದು, 3ಪಿ ಅಂದರೆ ಎರಡನೆಯದು. ಇವೆರಡೂ ಬೇರೆ ಬೇರೆ ಸೀಕ್ವೆನ್ಸ್, ಬೇರೆ ಬೇರೆ ಗುರಿ. ವಿದ್ಯಾರ್ಥಿಗಳು 5ಪಿ ಬಗ್ಗೆ ಓದಿ, 3ಪಿಯ ಗುರಿ ಪಟ್ಟಿ ಡೌನ್‌ಲೋಡ್ ಮಾಡಿಕೊಂಡು ಬರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ತಿಂಗಳುಗಟ್ಟಲೆ ಶ್ರಮ ಇದೊಂದರಿಂದ ನೀರಲ್ಲಿ ಹೋಮ ಮಾಡಿದಂತೆ ಆಗುತ್ತದೆ. ದಯವಿಟ್ಟು ಹೆಸರಿನ ಬಾಲ ನೋಡಿ.

ಎಲ್ಲ ಮೈಕ್ರೋ ಆರ್‌ಎನ್‌ಎಗಳೂ ಇದೇ ದಾರಿಯಲ್ಲಿ ಬರುತ್ತವೆಯೇ?

ಇಲ್ಲ. ಮಿರ್ಟ್ರಾನ್ ಎಂಬ ಗುಂಪು ಇಂಟ್ರಾನ್‌ನಿಂದ, ಅಂದರೆ ಆರ್‌ಎನ್‌ಎಯಿಂದ ಕತ್ತರಿಸಿ ತೆಗೆಯುವ ನಡುವಿನ ತುಂಡಿನಿಂದ, ಹುಟ್ಟುತ್ತದೆ. ಹಾಗೆ ತೆಗೆಯುವ ಕೆಲಸ, ಸ್ಪ್ಲೈಸಿಂಗ್, ಆಗುವಾಗಲೇ ಬೇಕಾದ ಅಳತೆಯ ಹೇರ್‌ಪಿನ್ ಸಿಗುವುದರಿಂದ ಅದಕ್ಕೆ ಡ್ರೋಶಾ ಬೇಡ. ಕೆಂಪು ರಕ್ತಕಣಗಳ ಬೆಳವಣಿಗೆಯಲ್ಲಿ ಮುಖ್ಯವಾದ ಮಿರ್-451 ಎಂಬ ಮೈಕ್ರೋ ಆರ್‌ಎನ್‌ಎಗೆ ಡೈಸರ್ ಬೇಡ. ಅದರ ಹೇರ್‌ಪಿನ್ ತುಂಬ ಗಿಡ್ಡ. ಹಾಗಾಗಿ ಆರ್ಗೊನಾಟ್-2 ತಾನೇ ಅದನ್ನು ಕತ್ತರಿಸುತ್ತದೆ.

ಜೀನ್‌ನಿಂದ ಪ್ರತಿ ತೆಗೆದ ಮಾತ್ರಕ್ಕೆ ಮೈಕ್ರೋ ಆರ್‌ಎನ್‌ಎ ಆಗಿಯೇ ಬಿಡುತ್ತದೆಯೇ?

ಆಗದೆಯೂ ಇರಬಹುದು. ಲೆಟ್-7 ಇದಕ್ಕೆ ಒಳ್ಳೆಯ ಉದಾಹರಣೆ. ಭ್ರೂಣದ ಕಾಂಡಕೋಶಗಳಲ್ಲಿ ಲೆಟ್-7ರ ಉದ್ದನೆ ಪ್ರತಿ ಇರುತ್ತದೆ. ಆದರೆ ಪಕ್ವವಾದ ಲೆಟ್-7 ಬಹಳ ಕಡಿಮೆ. ಕಾರಣ ಲಿನ್28 ಎಂಬ ಪ್ರೋಟೀನ್. ಅದು ಲೆಟ್-7ರ ಕುಣಿಕೆಗೆ ಕಚ್ಚಿಕೊಂಡು ಡೈಸರ್‌ಗೆ ಜಾಗ ಕೊಡುವುದಿಲ್ಲ. ಜೊತೆಗೆ ಇನ್ನೊಂದು ಕಿಣ್ವವನ್ನು ಕರೆತಂದು ತುದಿಗೆ ಯು ಅಕ್ಷರಗಳ ಸಾಲನ್ನೇ ಸೇರಿಸುತ್ತದೆ. ಆ ಸಾಲು ಕಂಡರೆ ಕೋಶ ಆ ಆರ್‌ಎನ್‌ಎಯನ್ನು ಹಾಳುಮಾಡುತ್ತದೆ.

ಇದರ ಇನ್ನೊಂದು ಮುಖವೂ ಇದೆ. ಲಿನ್28ರ ಎಂಆರ್‌ಎನ್‌ಎಯ ಬಾಲದಲ್ಲೇ ಲೆಟ್-7ಕ್ಕೆ ಜಾಗ ಇದೆ. ಅಂದರೆ ಒಂದು ಇನ್ನೊಂದನ್ನು ತಡೆಯುತ್ತದೆ, ಇನ್ನೊಂದು ಇದನ್ನು ತಡೆಯುತ್ತದೆ. ಕೋಶ ಬೆಳೆಯುತ್ತಾ ಹೋದಂತೆ ತಕ್ಕಡಿ ಲೆಟ್-7ರ ಕಡೆಗೆ ವಾಲುತ್ತದೆ. ಎಷ್ಟು ಸಲ ಓದಿದರೂ ನನಗೆ ಇದು ಬೆರಗು ಹುಟ್ಟಿಸುತ್ತದೆ.

ಗುರಿ ಹುಡುಕುವವರಿಗೆ ಇದರಿಂದ ಒಂದು ಪಾಠ ಇದೆ. ಜೀನೋಮ್‌ನಲ್ಲಿ ಮೈಕ್ರೋ ಆರ್‌ಎನ್‌ಎ ಜೀನ್ ಇದೆ ಎಂದರೆ ಸಾಲದು. ನಿಮ್ಮ ಕೋಶದಲ್ಲಿ ಪಕ್ವ ರೂಪ ನಿಜಕ್ಕೂ ಇದೆಯೇ ಎಂದು ಅಳೆದು ನೋಡಬೇಕು.

ಸೀಡ್ ಎಂದರೆ ಯಾವುದು? 22 ಅಕ್ಷರದಲ್ಲಿ ಅದಕ್ಕೊಂದಕ್ಕೇ ಯಾಕೆ ಇಷ್ಟು ಮಹತ್ವ?

5′ ತುದಿಯಿಂದ ಎಣಿಸಿದರೆ ಎರಡನೇ ಅಕ್ಷರದಿಂದ ಏಳನೇ ಅಥವಾ ಎಂಟನೇ ಅಕ್ಷರದವರೆಗಿನ ಭಾಗವೇ ಸೀಡ್. ಆರ್ಗೊನಾಟ್ ಒಳಗೆ ಕೂತ ಮೈಕ್ರೋ ಆರ್‌ಎನ್‌ಎಯಲ್ಲಿ ಈ ಅಕ್ಷರಗಳು ಮಾತ್ರ ಹೊರಗೆ ಮುಖ ಮಾಡಿ, ಜೋಡಿಯಾಗಲು ಮೊದಲೇ ಸಾಲಾಗಿ ನಿಂತಿರುತ್ತವೆ. ಉಳಿದವು ಪ್ರೋಟೀನ್‌ನ ಒಳಗೆ ಅಡಗಿರುತ್ತವೆ. ಎಂಆರ್‌ಎನ್‌ಎ ಮೊದಲು ಮುಟ್ಟುವುದು ಸೀಡನ್ನು. ಅಲ್ಲಿ ಹೊಂದಿದರೆ ಮುಂದಿನ ಮಾತು, ಹೊಂದದಿದ್ದರೆ ಬಿಟ್ಟು ಹೋಗುತ್ತದೆ.

ಲೆಟ್-7 ಕುಟುಂಬದ ಲೆಟ್-7ಎ ಶುರುವಾಗುವುದು ಹೀಗೆ: ಯು-ಜಿ-ಎ-ಜಿ-ಜಿ-ಯು-ಎ-ಜಿ. ಎರಡರಿಂದ ಎಂಟರವರೆಗೆ ಜಿ-ಎ-ಜಿ-ಜಿ-ಯು-ಎ-ಜಿ. ಎ ಜೊತೆ ಯು, ಜಿ ಜೊತೆ ಸಿ ಜೋಡಿಯಾಗುತ್ತವೆ. ಹಾಗಾಗಿ ಇದಕ್ಕೆ ಜೋಡಿಯಾಗುವ ಎಂಆರ್‌ಎನ್‌ಎಯ ಸಾಲು ಸಿ-ಯು-ಎ-ಸಿ-ಸಿ-ಯು-ಸಿ. ಹಿಂದಿನಿಂದ ಮುಂದಕ್ಕೆ ಓದಿ ಜೋಡಿಸಬೇಕು ಎಂಬುದು ನೆನಪಿರಲಿ, ಎರಡು ಎಳೆಗಳು ಎದುರುಬದುರು ದಿಕ್ಕಿನಲ್ಲಿ ಮಲಗಿರುತ್ತವೆ. ಡೇಟಾಬೇಸ್‌ನಲ್ಲಿ ಯು ಬದಲು ಟಿ ಇರುತ್ತದೆ. ಕೈಯಾರೆ ಹುಡುಕುವಾಗ ಏನೂ ಸಿಗದಿದ್ದರೆ ಹತ್ತಕ್ಕೆ ಒಂಬತ್ತು ಸಲ ತಪ್ಪಿರುವುದು ಈ ಎರಡರಲ್ಲಿ ಒಂದು ಕಡೆ.

ಕತ್ತರಿ ಒಂದು ಅಕ್ಷರ ಆಚೀಚೆ ಆದರೆ ಏನಾಗುತ್ತದೆ?

ಈ ಪುಟದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು.

5ಪಿ ಎಳೆಯ 5′ ತುದಿಯನ್ನು ತೀರ್ಮಾನ ಮಾಡುವುದು ಡ್ರೋಶಾ. 3ಪಿ ಎಳೆಯ 5′ ತುದಿಯನ್ನು ತೀರ್ಮಾನ ಮಾಡುವುದು ಡೈಸರ್. ಸೀಡ್ ಎಣಿಕೆ ಶುರುವಾಗುವುದೇ 5′ ತುದಿಯಿಂದ. ಲೆಟ್-7ರ ಮೊದಲ ಯು ಅಕ್ಷರ ಬಿಟ್ಟು ಡ್ರೋಶಾ ಒಂದು ಅಕ್ಷರ ಒಳಗೆ ಕತ್ತರಿಸಿತು ಎಂದುಕೊಳ್ಳಿ. ಈಗ ಎರಡರಿಂದ ಎಂಟನೇ ಅಕ್ಷರ ಎ-ಜಿ-ಜಿ-ಯು-ಎ-ಜಿ-ಯು. ಇದು ಹುಡುಕುವ ಸಾಲು ಎ-ಸಿ-ಯು-ಎ-ಸಿ-ಸಿ-ಯು. ಹಳೆಯ ಸಾಲು ಇರುವ ಎಷ್ಟೋ ಜೀನ್‌ಗಳಲ್ಲಿ ಈ ಹೊಸ ಸಾಲು ಇರುವುದಿಲ್ಲ. ಒಂದೇ ಒಂದು ಅಕ್ಷರ ಜಾರಿದ್ದಕ್ಕೆ ಗುರಿಗಳ ಪಟ್ಟಿಯ ಬಹುಪಾಲು ಬದಲಾಯಿತು.

ಅದೇ ಜಾರುವಿಕೆ 3′ ತುದಿಯಲ್ಲಿ ಆದರೆ ಸೀಡ್‌ಗೆ ಏನೂ ಆಗುವುದಿಲ್ಲ. ನಿಜವಾದ ಸೀಕ್ವೆನ್ಸಿಂಗ್ ಡೇಟಾದಲ್ಲಿ 3′ ತುದಿ ಸಾಕಷ್ಟು ಏರುಪೇರಾಗಿರುತ್ತದೆ, 5′ ತುದಿ ಸಾಮಾನ್ಯವಾಗಿ ಕರಾರುವಾಕ್ಕಾಗಿರುತ್ತದೆ. ಹೀಗೆ ತುದಿ ಬದಲಾದ ರೂಪಗಳಿಗೆ ಐಸೋಮಿರ್ ಎನ್ನುತ್ತಾರೆ. ನಿಮ್ಮ ಡೇಟಾದಲ್ಲಿ 5′ ಐಸೋಮಿರ್ ದೊಡ್ಡ ಪ್ರಮಾಣದಲ್ಲಿ ಕಂಡರೆ, ಡೇಟಾಬೇಸ್‌ನಲ್ಲಿರುವ ಸೀಕ್ವೆನ್ಸ್ ಬಿಟ್ಟು ನಿಮ್ಮ ಕೋಶದಲ್ಲಿ ಸಿಕ್ಕಿದ ಸೀಕ್ವೆನ್ಸ್ ಇಟ್ಟುಕೊಂಡೇ ಗುರಿ ಹುಡುಕಿ.

ಅಂಟಿಕೊಂಡ ಮೇಲೆ ಎಂಆರ್‌ಎನ್‌ಎಗೆ ಏನಾಗುತ್ತದೆ?

ಪ್ರಾಣಿಗಳಲ್ಲಿ ಸಾಮಾನ್ಯವಾಗಿ ನೇರ ಕತ್ತರಿ ಬೀಳುವುದಿಲ್ಲ. ಆರ್ಗೊನಾಟ್ ಜೊತೆ ಜಿಡಬ್ಲ್ಯು182 ಗುಂಪಿನ ಪ್ರೋಟೀನ್ ಸೇರುತ್ತದೆ. ಅದು ಎಂಆರ್‌ಎನ್‌ಎಯ ತೀರಾ ಕೊನೆಯಲ್ಲಿರುವ ಎ-ಅಕ್ಷರಗಳ ಉದ್ದನೆ ಸರವನ್ನು ಸವೆಸುವ ಕಿಣ್ವಗಳನ್ನು ಕರೆತರುತ್ತದೆ. ಪ್ರೋಟೀನ್ ತಯಾರಿಕೆ ನಿಧಾನವಾಗುತ್ತದೆ, ಎಂಆರ್‌ಎನ್‌ಎ ಬೇಗ ಹಾಳಾಗುತ್ತದೆ.

ಎಷ್ಟು ಕಡಿಮೆಯಾಗುತ್ತದೆ ಎಂಬುದು ಹಲವರಿಗೆ ನಿರಾಸೆ ತರುತ್ತದೆ. 2008ರಲ್ಲಿ ಎರಡು ಗುಂಪುಗಳು ಸಾವಿರಾರು ಪ್ರೋಟೀನ್‌ಗಳನ್ನು ಒಟ್ಟಿಗೆ ಅಳೆದವು. ಒಂದು ಮೈಕ್ರೋ ಆರ್‌ಎನ್‌ಎ ನೂರಾರು ಪ್ರೋಟೀನ್‌ಗಳನ್ನು ಮುಟ್ಟುತ್ತದೆ, ಆದರೆ ಬಹುತೇಕ ಪ್ರೋಟೀನ್‌ಗಳು ಅರ್ಧದಷ್ಟೂ ಇಳಿಯುವುದಿಲ್ಲ ಎಂದು ಕಂಡಿತು. ಇದು ದೀಪದ ಸ್ವಿಚ್ ಅಲ್ಲ, ಫ್ಯಾನಿನ ರೆಗ್ಯುಲೇಟರ್. ಪ್ರೋಟೀನ್ ಅಳೆಯುವ ವೆಸ್ಟರ್ನ್ ಬ್ಲಾಟ್ ಪರೀಕ್ಷೆಯಲ್ಲಿ ಪ್ರೋಟೀನ್‌ನ ಗೆರೆ ಮಾಯವಾಗಲಿಲ್ಲ ಎಂದು ಗುರಿಯೇ ಅಲ್ಲ ಎಂದುಕೊಳ್ಳಬೇಡಿ.

ಸೀಡ್‌ಗೆ ಹೊಂದುವ ಸಾಲನ್ನು ಹುಡುಕಿದರೆ ಮುಗಿಯಿತಲ್ವಾ? ಸಾಫ್ಟ್‌ವೇರ್ ಯಾಕೆ?

ಕಾಗದದ ಮೇಲೆ ಲೆಕ್ಕ ಹಾಕೋಣ. ನಾಲ್ಕು ಅಕ್ಷರಗಳಿಂದ ಏಳು ಅಕ್ಷರದ ಸಾಲುಗಳು 16,384 ಆಗುತ್ತವೆ. ಅಂದರೆ ಯಾವುದೇ ಒಂದು ಏಳಕ್ಷರದ ಸಾಲು ಸುಮ್ನೆ ಆಕಸ್ಮಿಕವಾಗಿ 16,384 ಅಕ್ಷರಕ್ಕೆ ಒಂದು ಸಲ ಬರುತ್ತದೆ. ಮನುಷ್ಯರಲ್ಲಿ ಪ್ರೋಟೀನ್ ಜೀನ್‌ಗಳು ಸುಮಾರು 20,000. ಒಂದೊಂದರ ಎಂಆರ್‌ಎನ್‌ಎ ಬಾಲ, ಅಂದರೆ 3′ ಯುಟಿಆರ್, ಸಾವಿರ ಅಕ್ಷರ ಎಂದು ಹಿಡಿಯಿರಿ. ಒಟ್ಟು ಎರಡು ಕೋಟಿ ಅಕ್ಷರ. ಭಾಗಿಸಿದರೆ ಸುಮಾರು 1,200 ಕಡೆ ಆ ಸಾಲು ಆಕಸ್ಮಿಕವಾಗಿಯೇ ಸಿಗುತ್ತದೆ. ಆರೇ ಅಕ್ಷರ ಸಾಕು ಎಂದರೆ ಸುಮಾರು 4,900 ಕಡೆ.

ಇವುಗಳಲ್ಲಿ ಕಾಳೆಷ್ಟು, ಜೊಳ್ಳೆಷ್ಟು? ಅದನ್ನು ತೂರಿ ಬೇರ್ಪಡಿಸಲು ಸಾಫ್ಟ್‌ವೇರ್ ಬೇಕು.

ಕಾಳು ಜೊಳ್ಳು ಬೇರೆ ಮಾಡುವುದು ಹೇಗೆ?

ಮೊದಲನೆಯ ಜರಡಿ ವಿಕಾಸ. ಒಂದು ಸಾಲು ಮನುಷ್ಯ, ಇಲಿ, ನಾಯಿ, ಕೋಳಿ ಎಲ್ಲದರಲ್ಲೂ ಅದೇ ಜೀನ್‌ನ ಬಾಲದಲ್ಲಿ ಹಾಗೇ ಉಳಿದಿದೆ ಎನ್ನಿ. ಸುತ್ತಲಿನ ಅಕ್ಷರಗಳೆಲ್ಲ ಬದಲಾಗಿ ಅದೊಂದೇ ಉಳಿದಿದ್ದರೆ ಅದಕ್ಕೆ ಏನೋ ಕೆಲಸ ಇದೆ ಎಂದು ಅರ್ಥ. ಟಾರ್ಗೆಟ್‌ಸ್ಕ್ಯಾನ್ ಎಂಬ ಸಾಫ್ಟ್‌ವೇರ್ 2003ರಲ್ಲಿ ಈ ಯೋಚನೆಯಿಂದಲೇ ಹುಟ್ಟಿತು. ಇದೇ ದಾರಿಯಲ್ಲಿ 2009ರಲ್ಲಿ ಲೆಕ್ಕ ಹಾಕಿದಾಗ, ಮನುಷ್ಯರ ಪ್ರೋಟೀನ್ ಜೀನ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜೀನ್‌ಗಳು ಮೈಕ್ರೋ ಆರ್‌ಎನ್‌ಎ ಜಾಗಗಳನ್ನು ವಿಕಾಸದಲ್ಲಿ ಕಾಪಾಡಿಕೊಂಡು ಬಂದಿವೆ ಎಂದು ಗೊತ್ತಾಯಿತು.

ಎರಡನೆಯದು ಜೋಡಿಯ ಗಟ್ಟಿತನ. ಎರಡರಿಂದ ಎಂಟರವರೆಗೆ ಹೊಂದಿ, ಮೈಕ್ರೋ ಆರ್‌ಎನ್‌ಎಯ ಮೊದಲ ಅಕ್ಷರದ ಎದುರು ಎಂಆರ್‌ಎನ್‌ಎಯಲ್ಲಿ ಎ ಇದ್ದರೆ ಅದು ಎಂಟಕ್ಷರದ ಜಾಗ, ಎಲ್ಲಕ್ಕಿಂತ ಬಲವಾದದ್ದು. ಈ ಎ ಅಕ್ಷರ ಮೈಕ್ರೋ ಆರ್‌ಎನ್‌ಎ ಜೊತೆ ಜೋಡಿಯಾಗುವುದಿಲ್ಲ. ಅದಕ್ಕೆಂದೇ ಆರ್ಗೊನಾಟ್‌ನಲ್ಲಿ ಒಂದು ಗೂಡು ಇದೆ, ಅಲ್ಲಿ ಹೋಗಿ ಕೂರುತ್ತದೆ. ಏಳಕ್ಷರದ ಜಾಗಗಳು ಇದಕ್ಕಿಂತ ಕಡಿಮೆ ಬಲದವು. ಆರಕ್ಷರದವು ಇನ್ನೂ ದುರ್ಬಲ.

ಮೂರನೆಯದು ನೆರೆಹೊರೆ. ಜಾಗದ ಸುತ್ತ ಎ, ಯು ಜಾಸ್ತಿ ಇದ್ದರೆ ಆರ್‌ಎನ್‌ಎ ಸಡಿಲವಾಗಿರುತ್ತದೆ, ಆರ್ಗೊನಾಟ್‌ಗೆ ಒಳಗೆ ನುಗ್ಗಲು ಸುಲಭ. ಜಿ, ಸಿ ತುಂಬಿ ಬಿಗಿಯಾಗಿ ಮಡಚಿಕೊಂಡಿದ್ದರೆ ಸಾಲು ಇದ್ದೂ ಪ್ರಯೋಜನ ಇಲ್ಲ. ಉದ್ದನೆ ಬಾಲದ ನಟ್ಟನಡುವಿನ ಜಾಗಕ್ಕಿಂತ ಎರಡು ತುದಿಗಳ ಹತ್ತಿರದ ಜಾಗ ಒಳ್ಳೆಯದು. ಆದರೆ ಪ್ರೋಟೀನ್ ಕೋಡ್ ಮುಗಿಯುವ ಗುರುತಾದ ಸ್ಟಾಪ್ ಕೋಡಾನ್ ಆದ ಕೂಡಲೇ ಬರುವ ಮೊದಲ 15 ಅಕ್ಷರ ಬೇಡ, ಪ್ರೋಟೀನ್ ತಯಾರಿಸುವ ಯಂತ್ರವಾದ ರೈಬೋಸೋಮ್‌ನ ಮೈ ಅಲ್ಲಿಗೆ ತಾಗುತ್ತದೆ. ಪ್ರೋಟೀನ್ ಕೋಡ್ ಇರುವ ಭಾಗದ ಜಾಗಗಳು ದುರ್ಬಲವಾಗಿರುವುದೂ ಇದೇ ಕಾರಣಕ್ಕೆ. ರೈಬೋಸೋಮ್ ಓಡಾಡುತ್ತಾ ಆರ್ಗೊನಾಟನ್ನು ಗುಡಿಸಿಕೊಂಡು ಹೋಗುತ್ತದೆ. ಎರಡು ಜಾಗಗಳು 8ರಿಂದ 40 ಅಕ್ಷರದ ಅಂತರದಲ್ಲಿದ್ದರೆ ಒಂದಕ್ಕೊಂದು ಬಲ ಕೊಡುತ್ತವೆ.

ಯಾವ ಸಾಫ್ಟ್‌ವೇರ್ ಬಳಸಲಿ?

ಮನುಷ್ಯ, ಇಲಿಯ ಕೆಲಸಕ್ಕೆ ನಾನು ಟಾರ್ಗೆಟ್‌ಸ್ಕ್ಯಾನ್‌ನಿಂದ ಶುರು ಮಾಡುತ್ತೇನೆ. ಮೇಲೆ ಹೇಳಿದ ನೆರೆಹೊರೆಯ ಅಂಶಗಳನ್ನೆಲ್ಲ ಒಂದು ಅಂಕಕ್ಕೆ ಇಳಿಸುತ್ತದೆ. ಅಂಕ ಋಣ ಸಂಖ್ಯೆಯಲ್ಲಿರುತ್ತದೆ, ಹೆಚ್ಚು ಋಣವಾದಷ್ಟೂ ಒಳ್ಳೆಯದು. ಜೊತೆಗೆ ಮಿರ್‌ಡಿಬಿ ನೋಡುತ್ತೇನೆ. ಅದು ಪ್ರಯೋಗದ ಡೇಟಾದಿಂದ ಕಲಿತ ಮಷೀನ್ ಲರ್ನಿಂಗ್ ಮಾದರಿ. 50ರಿಂದ 100ರವರೆಗೆ ಅಂಕ ಕೊಡುತ್ತದೆ. 80ಕ್ಕಿಂತ ಮೇಲಿದ್ದರೆ ಭರವಸೆ ಇಡಬಹುದು. ಮಿರಾಂಡಾ ಹಳೆಯದು, ಇಡೀ 22 ಅಕ್ಷರದ ಹೊಂದಾಣಿಕೆ ನೋಡುತ್ತದೆ. ಡೇಟಾಬೇಸ್‌ನಲ್ಲಿ ಇಲ್ಲದ ಪ್ರಾಣಿಯ ಸೀಕ್ವೆನ್ಸ್ ನಿಮ್ಮ ಹತ್ತಿರ ಇದ್ದರೆ ಅದನ್ನು ನಿಮ್ಮ ಕಂಪ್ಯೂಟರಿನಲ್ಲೇ ಓಡಿಸಬಹುದು. ಪೀಟಾ ಎಂಬುದು ಆ ಜಾಗದ ಮಡಿಕೆ ಬಿಚ್ಚಲು ಎಷ್ಟು ಶಕ್ತಿ ಬೇಕು ಎಂದು ಲೆಕ್ಕ ಹಾಕುತ್ತದೆ.

ಮಿರ್‌ಟಾರ್‌ಬೇಸ್ ಬೇರೆ ಜಾತಿ. ಅದು ಊಹೆಯ ಪಟ್ಟಿ ಅಲ್ಲ, ಪ್ರಯೋಗದಲ್ಲಿ ಕಂಡ ಗುರಿಗಳ ದಾಖಲೆ. ಊಹೆಯ ಪಟ್ಟಿಯ ಜೊತೆ ಬೆರೆಸಿ ಎಣಿಸಬೇಡಿ. ಅದರಲ್ಲೂ ಗಟ್ಟಿ ಪುರಾವೆ, ದುರ್ಬಲ ಪುರಾವೆ ಎಂದು ವಿಂಗಡಣೆ ಇದೆ. ಆ ಕಾಲಂ ತಪ್ಪದೆ ಓದಿ.

ಐದು ಸಾಫ್ಟ್‌ವೇರ್‌ಗಳಲ್ಲೂ ಬಂದ ಜೀನ್‌ಗಳನ್ನು ಮಾತ್ರ ತೆಗೆದುಕೊಂಡರೆ?

ಎಲ್ಲರೂ ಮಾಡುತ್ತಾರೆ. ವೆನ್ ಚಿತ್ರ ನೋಡಲು ಚೆನ್ನಾಗಿರುತ್ತದೆ. ನಾನು ಒಪ್ಪುವುದಿಲ್ಲ. ಐದರಲ್ಲಿ ಒಂದು ಕಳಪೆಯಾಗಿದ್ದರೆ ಅದು ಬಿಟ್ಟ ನಿಜವಾದ ಗುರಿಗಳೆಲ್ಲ ನಿಮ್ಮ ಕೈಬಿಡುತ್ತವೆ. ಇನ್ನೊಂದು ಕಡೆ, ಐದೂ ಸೀಡನ್ನೇ ನೋಡುವುದಾದರೆ ಐದು ಮತ ಬಂದಂತೆ ಕಂಡರೂ ನಿಜಕ್ಕೂ ಒಂದೇ ಮತ. ಒಂದು ಒಳ್ಳೆಯ ಸಾಫ್ಟ್‌ವೇರ್‌ನ ಅಂಕದ ಪ್ರಕಾರ ಮೇಲಿನಿಂದ ಕೆಳಗೆ ಓದುವುದು ಇದಕ್ಕಿಂತ ಎಷ್ಟೋ ಮೇಲು.

ಪಟ್ಟಿಯನ್ನು ಪಾತ್‌ವೇ ವಿಶ್ಲೇಷಣೆಗೆ ಹಾಕಿದೆ. ಕ್ಯಾನ್ಸರ್ ಪಾತ್‌ವೇ, ನರಕೋಶದ ಪಾತ್‌ವೇ ಬಂತು. ನಂಬಲೇ?

ಬೇಗ ನಂಬಬೇಡಿ. ಪಾತ್‌ವೇ ಅಂದರೆ ಒಂದೇ ಕೆಲಸಕ್ಕೆ ಸೇರಿ ದುಡಿಯುವ ಜೀನ್‌ಗಳ ಗುಂಪು. ನಿಮ್ಮ ಪಟ್ಟಿಯಲ್ಲಿ ಯಾವ ಗುಂಪು ಜಾಸ್ತಿ ಇದೆ ಎಂದು ಈ ವಿಶ್ಲೇಷಣೆ ನೋಡುತ್ತದೆ. ಬಾಲ ಉದ್ದ ಇರುವ ಜೀನ್‌ಗಳಲ್ಲಿ ಯಾವ ಸಾಲು ಹುಡುಕಿದರೂ ಸಿಗುವ ಸಾಧ್ಯತೆ ಜಾಸ್ತಿ. ಮೆದುಳಿನಲ್ಲಿ ಕೆಲಸ ಮಾಡುವ ಮತ್ತು ನಿಯಂತ್ರಣದ ಜೀನ್‌ಗಳ ಬಾಲ ಸಾಮಾನ್ಯವಾಗಿ ಉದ್ದ. ಹಾಗಾಗಿ ಯಾವ ಮೈಕ್ರೋ ಆರ್‌ಎನ್‌ಎ ಹಾಕಿದರೂ ಅವೇ ಮೇಲೆ ಬರುತ್ತವೆ. ಪರೀಕ್ಷೆ ಮಾಡಲು ಸುಲಭ ದಾರಿ ಇದೆ. ಸೀಡ್‌ನ ಅಕ್ಷರಗಳನ್ನು ಕಲಸಿ ಒಂದು ಸುಳ್ಳು ಮೈಕ್ರೋ ಆರ್‌ಎನ್‌ಎ ಮಾಡಿ, ಅದರ ಗುರಿಗಳನ್ನೂ ಅದೇ ವಿಶ್ಲೇಷಣೆಗೆ ಹಾಕಿ. ಅದೇ ಪಾತ್‌ವೇ ಬಂದರೆ ನಿಮ್ಮ ಫಲಿತಾಂಶದಲ್ಲಿ ಹುರುಳಿಲ್ಲ.

ಗುರಿಯ ಜಾಗದಲ್ಲಿ ಒಂದು ಅಕ್ಷರ ಬದಲಾದರೆ ನಿಜವಾಗಿಯೂ ವ್ಯತ್ಯಾಸ ಆಗುತ್ತದೆಯೇ?

ಟೆಕ್ಸೆಲ್ ಎಂಬ ಕುರಿ ತಳಿ ಇದೆ, ಮೈತುಂಬ ಮಾಂಸ. ಸ್ನಾಯು ಅತಿಯಾಗಿ ಬೆಳೆಯದಂತೆ ತಡೆಯುವ ಮಯೋಸ್ಟಾಟಿನ್ ಎಂಬ ಪ್ರೋಟೀನ್ ಇದರಲ್ಲಿ ಕಡಿಮೆ. ಪ್ರೋಟೀನ್ ಕೋಡ್‌ನಲ್ಲಿ ದೋಷ ಹುಡುಕಿದರೆ ಇರಲಿಲ್ಲ. 2006ರಲ್ಲಿ ಕಾರಣ ಸಿಕ್ಕಿತು. ಆ ಜೀನ್‌ನ ಬಾಲದಲ್ಲಿ ಒಂದು ಜಿ ಅಕ್ಷರ ಬದಲಾಗಿ ಎ ಆಗಿತ್ತು. ಅಷ್ಟರಿಂದ ಮಿರ್-1 ಮತ್ತು ಮಿರ್-206ಕ್ಕೆ ಹೊಸದಾಗಿ ಒಂದು ಜಾಗ ಹುಟ್ಟಿತ್ತು. ಈ ಎರಡೂ ಸ್ನಾಯುವಿನಲ್ಲಿ ಹೇರಳವಾಗಿರುತ್ತವೆ.

ಮನುಷ್ಯರಲ್ಲಿ ಮಿರ್-96ರ ಸೀಡ್‌ನಲ್ಲೇ ಒಂದು ಅಕ್ಷರ ಬದಲಾದ ಕುಟುಂಬಗಳಲ್ಲಿ ಕಿವುಡುತನ ತಲೆಮಾರಿನಿಂದ ತಲೆಮಾರಿಗೆ ಬರುವುದು 2009ರಲ್ಲಿ ಗೊತ್ತಾಯಿತು.

ಜಾಗವೇ ಕಳೆದುಹೋಗುವುದೂ ಉಂಟು. ಎಚ್‌ಎಂಜಿಎ2 ಜೀನ್‌ನ ಬಾಲದಲ್ಲಿ ಲೆಟ್-7ಕ್ಕೆ ಏಳು ಜಾಗ ಇವೆ. ಕೆಲವು ಗೆಡ್ಡೆಗಳಲ್ಲಿ ಕ್ರೋಮೋಸೋಮ್ ಮುರಿದು ಆ ಬಾಲ ತುಂಡಾಗಿರುತ್ತದೆ. ಲೆಟ್-7ರ ಹಿಡಿತ ತಪ್ಪಿ ಪ್ರೋಟೀನ್ ಏರುತ್ತದೆ. ಕ್ರೋಮೋಸೋಮ್ ಮುರಿಯಲೇಬೇಕೆಂದಿಲ್ಲ. ವೇಗವಾಗಿ ವಿಭಜನೆಯಾಗುವ ಕೋಶಗಳು ಎಷ್ಟೋ ಜೀನ್‌ಗಳ ಬಾಲವನ್ನು ಗಿಡ್ಡ ಮಾಡಿಕೊಳ್ಳುತ್ತವೆ. ಸಾಫ್ಟ್‌ವೇರ್ ತೋರಿಸಿದ ಜಾಗ ನಿಮ್ಮ ಕೋಶದ ಎಂಆರ್‌ಎನ್‌ಎಯಲ್ಲಿ ಇಲ್ಲದೆಯೂ ಇರಬಹುದು.

ಗಿಡಗಳಲ್ಲೂ ಹೀಗೆಯೇ?

ಗಿಡಗಳಲ್ಲಿ ಡ್ರೋಶಾ ಇಲ್ಲ. ಡಿಸಿಎಲ್1 ಎಂಬ ಒಂದೇ ಕಿಣ್ವ ಎರಡೂ ಕತ್ತರಿಗಳನ್ನು ನ್ಯೂಕ್ಲಿಯಸ್ ಒಳಗೇ ಹಾಕುತ್ತದೆ. ಜೋಡಣೆ ಹೆಚ್ಚೂಕಡಿಮೆ ಇಡೀ ಉದ್ದಕ್ಕೆ ಹೊಂದಬೇಕು. ಹೊಂದಿದರೆ ಹತ್ತನೇ ಮತ್ತು ಹನ್ನೊಂದನೇ ಅಕ್ಷರದ ಎದುರು ಎಂಆರ್‌ಎನ್‌ಎ ಎರಡು ತುಂಡಾಗುತ್ತದೆ. ಹಾಗಾಗಿ ಗಿಡದಲ್ಲಿ ಗುರಿ ಹುಡುಕುವುದು ಬಹಳ ಸುಲಭ. ಪಿಎಸ್‌ಆರ್‌ಎನ್‌ಎಟಾರ್ಗೆಟ್ ಬಳಸಿ. ಕೋಡ್ ಇರುವ ಭಾಗವನ್ನೂ ಸೇರಿಸಿ ಹುಡುಕಿ, ಗಿಡಗಳಲ್ಲಿ ಗುರಿಗಳು ಅಲ್ಲೇ ಜಾಸ್ತಿ. ಟಾರ್ಗೆಟ್‌ಸ್ಕ್ಯಾನ್‌ನ ಸೀಡ್ ನಿಯಮವನ್ನು ರಾಗಿಗೋ ಭತ್ತಕ್ಕೋ ಹಚ್ಚಬೇಡಿ.

ಭತ್ತದ ಒಂದು ಕತೆ ಹೇಳಲೇಬೇಕು. ಓಎಸ್‌ಎಸ್‌ಪಿಎಲ್14 ಎಂಬ ಜೀನನ್ನು ಮಿರ್156 ತಡೆಯುತ್ತದೆ. ಆ ಜಾಗದಲ್ಲಿ ಒಂದು ಅಕ್ಷರ ಬದಲಾಗಿ ಹಿಡಿತ ಸಡಿಲವಾದ ಗಿಡದಲ್ಲಿ ತೆಂಡೆ ಕಡಿಮೆ, ಕಾಂಡ ಗಟ್ಟಿ, ತೆನೆಗೆ ಕಾಳು ಜಾಸ್ತಿ. ಇದು 2010ರಲ್ಲಿ ಪ್ರಕಟವಾಯಿತು. ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರವಾದ ಎನ್‌ಸಿಬಿಎಸ್ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಗಿಡಗಳ ಪುಟ್ಟ ಆರ್‌ಎನ್‌ಎ ಮೇಲೆ ಕೆಲಸ ನಡೆದಿದೆ. ಈ ವಿಷಯದಲ್ಲಿ ಮುಂದೆ ಓದಬೇಕೆನ್ನುವ ಮಕ್ಕಳು ದೂರ ಹೋಗಬೇಕಿಲ್ಲ.

ಊಹಿಸಿದ ಗುರಿ ನಿಜ ಎಂದು ಸಾಬೀತು ಮಾಡುವುದು ಹೇಗೆ?

ಸಣ್ಣ ಲ್ಯಾಬ್‌ನಲ್ಲೂ ಆಗುವುದು ಲೂಸಿಫರೇಸ್ ಪರೀಕ್ಷೆ. ಲೂಸಿಫರೇಸ್ ಬೆಳಕು ಕೊಡುವ ಕಿಣ್ವ. ಅದರ ಜೀನ್‌ಗೆ ನಿಮ್ಮ ಗುರಿ ಜೀನ್‌ನ ಬಾಲ ಅಂಟಿಸಿ ಕೋಶದೊಳಗೆ ಹಾಕುತ್ತಾರೆ. ಮೈಕ್ರೋ ಆರ್‌ಎನ್‌ಎ ಹಾಕಿದಾಗ ಬೆಳಕು ಇಳಿಯಬೇಕು. ಇಷ್ಟಕ್ಕೇ ನಿಲ್ಲಿಸಬಾರದು. ಸೀಡ್‌ಗೆ ಹೊಂದುವ ಜಾಗದ ಎರಡು ಮೂರು ಅಕ್ಷರ ಬದಲಿಸಿ ಮತ್ತೆ ಮಾಡಬೇಕು. ಆಗ ಬೆಳಕು ಇಳಿಯಬಾರದು. ಈ ಎರಡನೇ ಭಾಗ ಇಲ್ಲದ ಫಲಿತಾಂಶವನ್ನು ನಾನು ಪುರಾವೆ ಎಂದು ಒಪ್ಪುವುದಿಲ್ಲ. ಹೊರಗಿನಿಂದ ಮೈಕ್ರೋ ಆರ್‌ಎನ್‌ಎ ವಿಪರೀತ ಸುರಿದರೆ ದುರ್ಬಲ ಜಾಗವೂ ಸ್ಪಂದಿಸುತ್ತದೆ. ಹಾಗಾಗಿ ಕೋಶದಲ್ಲಿ ಇರುವುದನ್ನೇ ತಡೆದು, ಗುರಿ ಪ್ರೋಟೀನ್ ಏರುತ್ತದೆಯೇ ಎಂದೂ ನೋಡಬೇಕು.

ದೊಡ್ಡ ಮಟ್ಟದಲ್ಲಿ ಮಾಡುವುದಾದರೆ ಕ್ಲಿಪ್ ವಿಧಾನ ಇದೆ. ಅಲ್ಟ್ರಾವಯಲೆಟ್ ಬೆಳಕು ಹಾಯಿಸಿ ಆರ್ಗೊನಾಟನ್ನು ಅದು ಹಿಡಿದ ಆರ್‌ಎನ್‌ಎಗೆ ಬೆಸೆದು, ಆಂಟಿಬಾಡಿಯಿಂದ ಎಳೆದು, ಅಂಟಿದ್ದ ಆರ್‌ಎನ್‌ಎಯನ್ನು ಸೀಕ್ವೆನ್ಸ್ ಮಾಡುತ್ತಾರೆ. 2013ರಲ್ಲಿ ಬಂದ ಕ್ಲ್ಯಾಶ್ ವಿಧಾನದಲ್ಲಿ ಮೈಕ್ರೋ ಆರ್‌ಎನ್‌ಎ ಮತ್ತು ಅದರ ಗುರಿಯನ್ನು ಒಂದೇ ತುಂಡಾಗಿ ಹೊಲಿದುಬಿಡುತ್ತಾರೆ. ಯಾವುದು ಯಾವುದನ್ನು ಹಿಡಿದಿತ್ತು ಎಂದು ಊಹಿಸುವ ಅಗತ್ಯವೇ ಇಲ್ಲ.

ನನ್ನ ಕೈಯಲ್ಲಿ 500 ಜೀನ್‌ಗಳ ಪಟ್ಟಿ ಇದೆ. ಪ್ರಾಜೆಕ್ಟ್‌ಗೆ ನಾಲ್ಕು ತಿಂಗಳು ಸಮಯ. ಏನು ಮಾಡಲಿ?

ಮೊದಲ ದಿನ ಕಂಪ್ಯೂಟರ್ ಮುಚ್ಚಿ, ನಿಮ್ಮ ಮೈಕ್ರೋ ಆರ್‌ಎನ್‌ಎಯ 22 ಅಕ್ಷರವನ್ನು ಕೈಯಾರೆ ಬರೆಯಿರಿ. 5ಪಿಯೋ 3ಪಿಯೋ ನೋಡಿ. ಸೀಡ್‌ಗೆ ಗೆರೆ ಹಾಕಿ, ಅದಕ್ಕೆ ಹೊಂದುವ ಸಾಲನ್ನು ಬರೆಯಿರಿ. ಆಮೇಲೆ ನಿಮ್ಮ ಕೋಶದಲ್ಲಿ ಆ ಮೈಕ್ರೋ ಆರ್‌ಎನ್‌ಎ ಮತ್ತು ಗುರಿ ಜೀನ್ ಎರಡೂ ಇವೆಯೇ ಎಂದು ಸಿಗುವ ಎಕ್ಸ್‌ಪ್ರೆಶನ್ ಡೇಟಾದಲ್ಲಿ ನೋಡಿ. 500ರಲ್ಲಿ ಎಷ್ಟೋ ಜೀನ್‌ಗಳು ಅಲ್ಲೇ ಉದುರುತ್ತವೆ. ಉಳಿದವುಗಳಲ್ಲಿ ಎಂಟಕ್ಷರದ ಜಾಗ ಇರುವ, ಹಲವು ಪ್ರಾಣಿಗಳಲ್ಲಿ ಉಳಿದುಬಂದಿರುವ, ಆರ್ಗೊನಾಟ್ ಕ್ಲಿಪ್ ಡೇಟಾದಲ್ಲೂ ಕಾಣುವ ಮೂರು ನಾಲ್ಕು ಜೀನ್ ಆರಿಸಿ. ಜಾಗದ ಅಕ್ಷರ ಬದಲಿಸಿದ ಪ್ಲಾಸ್ಮಿಡ್ (ಕೋಶದೊಳಗೆ ಜೀನ್ ಒಯ್ಯುವ ಡಿಎನ್‌ಎ ಉಂಗುರ) ಬರಲು ವಾರಗಟ್ಟಲೆ ಹಿಡಿಯುತ್ತದೆ. ಮೂಲ ಪ್ಲಾಸ್ಮಿಡ್ ಆರ್ಡರ್ ಮಾಡುವ ದಿನವೇ ಅದನ್ನೂ ಆರ್ಡರ್ ಮಾಡಿ.